ರೋಲರ್ ಯಾರದ್ದು

ಕೊಕ್ಕಡ
3 ಡಿಸೆಂಬರ್ 2023, ಭಾನುವಾರ

ಪ್ರಿಯ ನಿಝಾಮ್,

ನೀನು ಕೆಲಸಕ್ಕೆ ಅಂತ ಕಡಲಾಚೆ ಜುಬೈಲಿಗೆ ಹೋಗಿ ಒಂದು ಮಳೆಗಾಲ ಕಳೆಯಿತು. ನಿಯಮದ ಪ್ರಕಾರ ಇವತ್ತು ರೋಲರ್ ಶೆಡ್ಡಿನ ಗೋಡೆಯ ಸರದಿ ಪಟ್ಟಿಯಿಂದ ನಿನ್ನ ಹೆಸರು ಅಳಿಸಿದೆವು. ಒದ್ದೆ ಬಟ್ಟೆ ಹಿಡಿದು ಒರೆಸಿದ್ದು ನಾನು. ನಿನ್ನ ಸರದಿ ಪಟ್ರಮೆ ಕಡೆಯ ಹನೀಫಾನಿಗೆ ಹೋಗಿದೆ. ಅವನು ಹೊಸದಾಗಿ ನೂರಿನ್ನೂರು ರಬ್ಬರ್ ಮರ ಗುತ್ತಿಗೆಗೆ ಹಿಡಿದಿದ್ದಾನೆ. ಮಾತು ಕಡಿಮೆ, ಕೆಲಸ ಚೊಕ್ಕ.

ಹೆಸರನ್ನು ಪೆನ್ಸಿಲಿನಲ್ಲಾದರೂ ಉಳಿಸುವ ಅಂತ ಮೈಮೂನಮ್ಮ ಹೇಳಿದರು. ರುಕ್ಮಯ್ಯ ಒಪ್ಪಲಿಲ್ಲ. "ಹೆಸರು ನಿಝಾಮ, ಕೆಲಸ ಅರಾಜಕ. ಅವನ ಮದ್ದು ಅವನೂ ಒಮ್ಮೆ ಕುಡಿಯಲಿ" ಅಂತ ನಗಾಡಿದ. ಅವನಿಗೆ ನಿನ್ನ ಮೇಲೆ ಮೀಟರಿನ ಸಿಟ್ಟು ಇನ್ನೂ ಹೋಗಿಲ್ಲ. ಶೆಡ್ಡಿನ ಕರೆಂಟಿನ ಮೀಟರ್ ತನ್ನ ಹೆಸರಿನಲ್ಲಿ ಇರುವಾಗ ರೋಲರ್ ಕೂಡ ಯಾರದ್ದಾದರೂ ಹೆಸರಿನಲ್ಲಿ ಇರಲಿ, ಬೆಳ್ತಂಗಡಿಗೆ ಹೋಗಿ ಸಂಘ ಅಂತ ನೋಂದಣಿ ಮಾಡಿಸುವ ಅಂತ ಅವನು ಹೇಳಿದ್ದಕ್ಕೆ ನೀನು ಅವನನ್ನು ಮರಿ ಧಣಿ ಅಂತ ಕರೆದದ್ದು ಹೆಚ್ಚಾಯಿತು, ಈಗಲೂ ಹೇಳುತ್ತೇನೆ.

ಹನೀಫಾನಿಗೆ ಗೊತ್ತಿರಲಿ ಅಂತ ನೀನು ಬರೆದ ನಿಯಮವನ್ನು ಗಟ್ಟಿಯಾಗಿ ಓದಿದೆ. ರೋಲರ್ ಯಾರ ಸ್ವತ್ತೂ ಅಲ್ಲ. ಸ್ವಂತ ಕೈಯಲ್ಲಿ ರಬ್ಬರ್ ಶೀಟು ಒತ್ತುವವರಿಗೆ ಒತ್ತುವಷ್ಟು ಕಾಲ ಅದರ ಹಕ್ಕು. ಒಂದು ಮಳೆಗಾಲ ದಾಟಿಯೂ ಕೈ ಹಚ್ಚದವರಿಗೆ ಹಕ್ಕಿಲ್ಲ. ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಕೂಲಿಯಾಳಿನಿಂದ ಒತ್ತಿಸುವಂತಿಲ್ಲ, ಮಕ್ಕಳಿಗೆ ಬಿಟ್ಟು ಹೋಗುವಂತಿಲ್ಲ. ಹನೀಫಾ ಕೇಳಿ, ಇದು ಮಸೀದಿಗೆ ಬಿಟ್ಟುಕೊಟ್ಟ ಜಾಗಕ್ಕಿಂತ ಗಟ್ಟಿ ಉಂಟಲ್ಲ ಅಂದ.

ಓದುವಾಗ ಮೂಡುಬಿದಿರೆಯ ದಿನ ನೆನಪಾಯಿತು. ಮುಚ್ಚಿದ ಎಸ್ಟೇಟಿನ ಹುಲ್ಲಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಈ ಎರಡು ರೋಲರುಗಳನ್ನು ಪಿಕಪ್ಪಿಗೆ ಹಾಕಿ ತಂದದ್ದು, ನೀನು ಅದಕ್ಕೆ ಮೋಟಾರು ಕೂರಿಸಿದ್ದು. ಅದಕ್ಕಿಂತ ಮುಂಚೆ ನಾವು ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಹೊತ್ತು ಧಣಿಗಳ ಅಂಗಳದಲ್ಲಿ ಕಾದು ನಿಂತು, ಒತ್ತಿದ ಶೀಟಿನಲ್ಲಿ ಅವರ ಪಾಲು ಅಲ್ಲೇ ಇಟ್ಟು ಬರುತ್ತಿದ್ದೆವು. ಈಗ ಮಂಗಳವಾರ ಮತ್ತು ಶುಕ್ರವಾರ ನನ್ನ ಸರದಿ. ಯಾರ ಅಂಗಳದಲ್ಲೂ ನಿಲ್ಲುವುದಿಲ್ಲ.

ರೋಲರಿನ ವಿಷಯ ಫೋನಿನಲ್ಲಿ ಬೇಡ ಅಂತ ಮಾಡಿಕೊಂಡದ್ದು ಈಗಲೂ ಉಂಟು. ವಾಯ್ಸ್ ಮೆಸೇಜಿನಲ್ಲಿ ಜಗಳ ಬೆಳೆಯುತ್ತದೆ, ಕಾಗದದಲ್ಲಿ ಬರೆಯುವಾಗ ಮನುಷ್ಯ ಸ್ವಲ್ಪ ಯೋಚಿಸುತ್ತಾನೆ ಅಂತ ನೀನೇ ಹೇಳಿದ್ದು. ನಿನ್ನ ಪತ್ರ ಬಂದರೆ ಭಾನುವಾರ ಎಲ್ಲರೆದುರು ಓದುತ್ತೇನೆ. ನೋಡಿಕೊಂಡು ಬರೆ.

ನಿನ್ನ
ಲೋಕನಾಥ


ಜುಬೈಲ್
12 ಜನವರಿ 2024, ಶುಕ್ರವಾರ

ಪ್ರಿಯ ಲೋಕನಾಥ,

ಹೆಸರು ಅಳಿಸಿದ ಸುದ್ದಿ ತಿಳಿಯಿತು. ಸರಿಯಾಗಿಯೇ ಮಾಡಿದಿರಿ. ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ನಿಯಮ ನನ್ನ ಮೇಲೆ ನಡೆಯದಿದ್ದರೆ ಯಾರ ಮೇಲೂ ನಡೆಯಬಾರದು.

ಇಲ್ಲಿಯ ವರ್ಕ್‌ಶಾಪಿನಲ್ಲಿ ಬೆಳಿಗ್ಗೆ ಟೂಲ್ ರೂಮಿನ ಕಿಟಕಿಯಲ್ಲಿ ಸಾಲು ನಿಲ್ಲಬೇಕು. ಸ್ಪ್ಯಾನರ್, ಗ್ರೈಂಡರ್, ಎಲ್ಲ ಸಹಿ ಹಾಕಿ ತೆಗೆದುಕೊಳ್ಳುವುದು, ಸಂಜೆ ಒಪ್ಪಿಸುವುದು. ಒಂದು ಸಾಕೆಟ್ ಕಾಣೆಯಾದರೆ ಕಿಸೆ ತಡವಿ ನೋಡುತ್ತಾರೆ. ಊರಿನಿಂದ ತಂದ ನನ್ನ ಹಳೆಯ ಸುತ್ತಿಗೆಗೂ ಕಂಪನಿಯ ನಂಬರ್ ಹೊಡೆದರು. ಹತಿಯಾರು ಯಾರ ಬೀಗದೊಳಗೆ ಉಂಟೋ ಮನುಷ್ಯನೂ ಅವನ ಬೀಗದೊಳಗೇ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಈಗ ದಿನಾ ನೋಡುತ್ತೇನೆ.

ಕ್ಯಾಂಪಿನಲ್ಲಿ ನನ್ನ ಕೋಣೆಯಲ್ಲೇ ಬಂಟ್ವಾಳದ ನೌಫಲ್ ಇದ್ದಾನೆ, ನನ್ನ ಹೆಂಡತಿ ಹಸ್ನಾಳ ಮಾವನ ಮಗ. ಅವನ ಜೊತೆ ಇದೇ ಚರ್ಚೆ. ಸ್ವತ್ತು ಬೇರೆ, ಬಳಕೆ ಬೇರೆ ಅಂತ ವಿವರಿಸಿದೆ. ನೀನು ವಾಸ ಮಾಡುವ ಮನೆ, ನೀನು ಹಿಡಿದ ಗರಗಸ ನಿನ್ನದು, ಯಾರೂ ಮುಟ್ಟಬಾರದು. ನೀನು ಬಳಸದೆ, ಬಳಸುವವನಿಂದ ಪಾಲು ಕೇಳಿದರೆ ಅದು ಸ್ವತ್ತು, ಅದನ್ನು ಒಪ್ಪಬಾರದು. ಸರಕಾರವೂ ಬೇಡ, ಧಣಿಯೂ ಬೇಡ ಅನ್ನುವ ಅರಾಜಕವಾದಿಗಳು ಹೇಳುವುದು ಇಷ್ಟೇ ಅಂದೆ. ಅವನು, "ಹಾಗಾದರೆ ನಾನು ಇಲ್ಲಿ ಇರುವಾಗ ಬಂಟ್ವಾಳದ ನನ್ನ ಹೊಸ ಮನೆ ಯಾರದ್ದು ಮಾರಾಯ? ಅದರಲ್ಲಿ ಇರುವ ಹಲ್ಲಿಯದ್ದಾ?" ಅಂದ. ಆಮೇಲೆ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ.

ರುಕ್ಮಯ್ಯನಿಗೆ ಹೇಳು, ಮದ್ದು ಕಹಿ ಉಂಟು, ಆದರೆ ಕುಡಿದೆ. ಅವನ ಸರದಿ ಬಂದಾಗ ಅವನೂ ಕುಡಿಯಲಿ. ಅವನಿಗೆ ಸ್ವಂತ ಕೈಗಿಂತ ಇನ್ನೊಬ್ಬನ ಕೈ ಇಷ್ಟ, ಅದು ನಿನಗೂ ಗೊತ್ತು.

ನಿನ್ನ
ನಿಝಾಮುದ್ದೀನ್


ಕೊಕ್ಕಡ
22 ಸೆಪ್ಟೆಂಬರ್ 2024, ಭಾನುವಾರ

ಪ್ರಿಯ ನಿಝಾಮ್,

ಇಷ್ಟು ತಿಂಗಳು ಉತ್ತರ ಬರೆಯದ್ದಕ್ಕೆ ಸಿಟ್ಟಾಗಬೇಡ. ಈ ಅಕ್ಷರ ನನ್ನ ಮನೆಯವಳು ಕಾಂತಿಯದ್ದು. ನನ್ನ ಕಣ್ಣು ಸ್ವಲ್ಪ ಸೋತಿದೆ, ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ.

ಶೆಡ್ಡಿನಲ್ಲಿ ಒಂದು ವಿಷಯ ತೀರ್ಮಾನ ಆಗಬೇಕು. ನಮ್ಮಿಂದ ಆಗುತ್ತಿಲ್ಲ. ನಿಯಮ ಬರೆದವನು ನೀನು, ಈಗ ನಿನಗೆ ಸರದಿ ಇಲ್ಲದ್ದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದ ನಿನ್ನ ಮಾತಿನಂತೆ ನಡೆಯುವ ಅಂತ ಎಲ್ಲರೂ ಒಪ್ಪಿದ್ದೇವೆ.

ಕಳೆದ ಮಾರ್ಚಿನಲ್ಲಿ ನಮ್ಮಲ್ಲಿ ಒಬ್ಬರ ಬಲಗೈ ರೋಲರಿಗೆ ಸಿಕ್ಕಿತು. ಗೆರೆ ಮೂಡಿಸುವ ಎರಡನೆಯ ರೋಲರಿಗೆ ಶೀಟು ಕೊಡುವಾಗ ಅದು ಮಡಚಿಕೊಂಡಿತು. ಬಿಡಿಸಲು ಹೋದಾಗ ಗ್ಲೌಸನ್ನು ಎಳೆಯಿತು. ಮೋಟಾರು ನಿಲ್ಲಿಸುವಷ್ಟರಲ್ಲಿ ಆಗಿಹೋಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ಬೆರಳು ತೆಗೆದರು. ಹೆಬ್ಬೆರಳು ಉಂಟು. ಪಿಂಗಾಣಿ ಲೋಟವನ್ನು ಅಂಗೈಗೆ ಒತ್ತಿ ಹಿಡಿಯಲಾಗುತ್ತದೆ, ಮರದಿಂದ ಹಾಲು ತೆಗೆಯುವ ಟ್ಯಾಪಿಂಗ್ ಚೂರಿ ಹಿಡಿಯಲಾಗುವುದಿಲ್ಲ.

ಮಳೆಗಾಲ ದಾಟಿತು. ಅವರು ರೋಲರಿಗೆ ಕೈ ಹಚ್ಚಿಲ್ಲ. ಈಗ ಅವರ ಕೇಳಿಕೆ ಹೀಗುಂಟು: ಗುತ್ತಿಗೆಯ ಮರಗಳನ್ನು ಬಿಡದೆ ಒಬ್ಬ ಕೂಲಿಯಾಳನ್ನು ಇಟ್ಟುಕೊಂಡು, ಅವನಿಂದ ಹಾಲು ತೆಗೆಸಿ, ತಮ್ಮ ಸರದಿಯಲ್ಲಿ ಅವನಿಂದ ಶೀಟು ಒತ್ತಿಸಬಹುದೇ? ಹಾಗೆ ಆಗದಿದ್ದರೆ ಅವರ ಮನೆಗೆ ಬೇರೆ ದಾರಿ ಇಲ್ಲ. ಹಕ್ಕು ಹೋದರೆ ಮರವೂ ಹೋಗುತ್ತದೆ. ಮನೆಯವರು ಆ ಮೆಷಿನಿನ ಹತ್ತಿರ ಹೋಗಲು ತಯಾರಿಲ್ಲ, ಅವರನ್ನು ಒತ್ತಾಯ ಮಾಡುವಂತೆಯೂ ಇಲ್ಲ.

ಉಳಿದ ಮೂವರಲ್ಲಿ ಇಬ್ಬರು ಕೊಡುವ ಅನ್ನುತ್ತಾರೆ. ಒಬ್ಬರು ಬೇಡ ಅನ್ನುತ್ತಾರೆ. ಎಲ್ಲರೂ ಒಪ್ಪದೆ ನಿಯಮ ಬದಲಾಗುವುದಿಲ್ಲ, ಅದೂ ನೀನು ಬರೆದದ್ದೇ.

ಹೆಸರು ಬರೆಯುವುದು ಬೇಡ ಅಂತ ನಾನು ಹೇಳಿದೆ. ಹೆಸರು ಕೇಳಿದರೆ ನೀನು ಮುಖ ನೋಡಿ ತೀರ್ಪು ಕೊಡುತ್ತಿ, ಅದು ನಿನಗೂ ಒಳ್ಳೆಯದಲ್ಲ, ನಮಗೂ ಅಲ್ಲ. ನಿನಗೆ ಫೋನ್ ಮಾಡಬೇಡಿ ಅಂತ ಉಳಿದವರಿಗೂ ಹೇಳಿದ್ದೇನೆ. ಯೋಚಿಸಿ ಬರೆ. ಹೊಸ ಹಂಗಾಮು ಶುರುವಾಗುವ ಮೊದಲು ಬಂದರೆ ಒಳ್ಳೆಯದು.

ನಿನ್ನ
ಲೋಕನಾಥ


ಜುಬೈಲ್
18 ಅಕ್ಟೋಬರ್ 2024, ಶುಕ್ರವಾರ

ಪ್ರಿಯ ಲೋಕನಾಥ, ಶೆಡ್ಡಿನ ಎಲ್ಲರಿಗೂ,

ಸುದ್ದಿ ಓದಿದೆ. ಆ ಎರಡನೆಯ ರೋಲರಿನ ಸದ್ದು ಕಿವಿಯಲ್ಲೇ ಉಂಟು. ಗಾಯಗೊಂಡವರು ಯಾರೇ ಆಗಲಿ, ಅವರ ನೋವು ಸಣ್ಣದು ಅಂತ ನಾನು ಹೇಳುವುದಿಲ್ಲ.

ಆದರೆ ನೀವು ಕೇಳಿದ್ದು ನೋವಿನ ವಿಷಯ ಅಲ್ಲ, ಹಕ್ಕಿನ ವಿಷಯ. ಆದ್ದರಿಂದ ನೇರವಾಗಿ ಬರೆಯುತ್ತೇನೆ.

ಕೂಲಿಯಾಳಿನಿಂದ ಒತ್ತಿಸುವಂತಿಲ್ಲ. ಯಾಕೆ ಅಂತ ಯೋಚಿಸಿ. ಆ ಕೂಲಿಯಾಳು ಬೆಳಿಗ್ಗೆ ಎದ್ದು ಮರಕ್ಕೆ ಚೂರಿ ಹಾಕುತ್ತಾನೆ, ಹಾಲು ಹೊರುತ್ತಾನೆ, ಆಸಿಡ್ ಬೆರೆಸುತ್ತಾನೆ, ಅದೇ ರೋಲರಿಗೆ ತನ್ನ ಬೆರಳು ಕೊಡುತ್ತಾನೆ. ಶೀಟು ಮಾತ್ರ ಇನ್ನೊಬ್ಬರದ್ದು. ನಮ್ಮ ನಿಯಮದಂತೆ ಒತ್ತುವವನಿಗೆ ಹಕ್ಕು. ಹಾಗಾದರೆ ಆ ಆಳಿಗೆ ಯಾಕೆ ಇಲ್ಲ? ನಾಳೆ ಅವನ ಕೈ ಸಿಕ್ಕಿದರೆ ಅವನು ಯಾರಿಗೆ ಪತ್ರ ಬರೆಸಬೇಕು? ಧಣಿಗಳೂ ಶುರುವಿನಲ್ಲಿ ಕೆಟ್ಟವರಾಗಿರಲಿಲ್ಲ. ಯಾರಿಗೋ ಪ್ರಾಯ ಆಗಿತ್ತು, ಯಾರಿಗೋ ಕಾಲು ನೋವಿತ್ತು, ಒಬ್ಬ ಆಳನ್ನು ಇಟ್ಟುಕೊಂಡರು. ಎಲ್ಲರಿಗೂ ಒಂದೊಂದು ಕಾರಣ ಇತ್ತು.

ಲೋಕನಾಥ, ನಿನ್ನ ಅಜ್ಜಿಯ ವಿಷಯ ನೀನೇ ಹೇಳಿದ್ದು. ನಾರಾವಿಯಲ್ಲಿ ಗಂಡ ತೀರಿಹೋದ ಮೇಲೆ ಅವರಿಗೆ ಉಳಲು ಆಗಲಿಲ್ಲ, ಗೇಣಿಗೆ ಕೊಟ್ಟರು. ಉಳುವವನೇ ಹೊಲದೊಡೆಯ ಅಂತ ಡಿಕ್ಲರೇಶನ್ ಬಂದಾಗ ಗದ್ದೆ ಗೇಣಿಯವನಿಗೆ ಹೋಯಿತು. ಅಜ್ಜಿ ಸಾಯುವವರೆಗೂ ಅತ್ತರು, ಆದರೆ ಆದದ್ದು ನ್ಯಾಯವೇ ಅಂತ ನೀನು ಅದೇ ಶೆಡ್ಡಿನಲ್ಲಿ ನಿಂತು ಹೇಳಿದ್ದಿ. ಅಜ್ಜಿಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯ ಮಾಡಬಾರದು.

ಗಾಯಗೊಂಡವರನ್ನು ಬಿಡಬೇಡಿ. ಪ್ರತಿಯೊಬ್ಬರೂ ವಾರಕ್ಕೆ ಇಷ್ಟು ಶೀಟು ಅಂತ ಅವರ ಮನೆಗೆ ಕೊಡಿ. ಅದು ನಮ್ಮ ಕರ್ತವ್ಯ. ಆದರೆ ಹಕ್ಕು ಬೇರೆ.

ಇನ್ನೊಂದು ಮಾತು. ಹೆಸರು ಮುಚ್ಚಿಟ್ಟರೂ ನನಗೆ ಗೊತ್ತಾಯಿತು. ಬೇಡ ಅಂದ ಒಬ್ಬರು ನೀನೇ, ಲೋಕನಾಥ. ಸ್ನೇಹಕ್ಕೆ ಬಗ್ಗದೆ ನಿಂತದ್ದಕ್ಕೆ ನನಗೆ ಹೆಮ್ಮೆ. ಕೇಳಿದವರು ಯಾರು ಅಂತಲೂ ಗೊತ್ತು. ರುಕ್ಮಯ್ಯ, ನಿನ್ನ ಕೈಗೆ ಆದದ್ದಕ್ಕೆ ದುಃಖ ಉಂಟು. ಆದರೆ ನೀನು ಮೊದಲಿನಿಂದಲೂ ಆಳು ಇಡಲು ಒಂದು ನೆಪ ಹುಡುಕುತ್ತಿದ್ದಿ. ಈಗ ಸಿಕ್ಕಿತು. ಕೈ ಹೋದದ್ದು ದೊಡ್ಡ ಕಾರಣ, ಆದರೂ ನೆಪ ನೆಪವೇ.

ಲೋಕನಾಥ, ಕಣ್ಣು ತೋರಿಸಿ ಕನ್ನಡಕ ಮಾಡಿಸು. ನಿನ್ನ ಅಕ್ಷರ ನೋಡದೆ ಪತ್ರ ಓದಿದ ಹಾಗೆ ಆಗುವುದಿಲ್ಲ.

ನಿನ್ನ
ನಿಝಾಮುದ್ದೀನ್


ಕೊಕ್ಕಡ
17 ನವೆಂಬರ್ 2024, ಭಾನುವಾರ

ಪ್ರಿಯ ನಿಝಾಮ್,

ಪತ್ರ ಬಂತು. ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ಓದಿದೆ. ಏನೂ ಬಿಡಲಿಲ್ಲ.

ರುಕ್ಮಯ್ಯನ ಹೆಸರು ಬಂದಲ್ಲಿ ನಾನು ನಿಂತೆ. ಮೈಮೂನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ರುಕ್ಮಯ್ಯ, "ನನಗೆ ಬೈದದ್ದು ಇರಲಿ, ಮುಂದೆ ಓದು" ಅಂದ. ಓದಿದೆ.

ಮುಗಿದ ಮೇಲೆ ಅವನು ಎದ್ದು, ನಿಯಮವನ್ನು ನಾವು ಮಾಡಿದ್ದು, ಬರೆದವನು ಅಷ್ಟು ದೂರದಲ್ಲಿ ಇದ್ದಾನೆ, ಅವನಿಗೆ ಏನು ಕಾಣುತ್ತದೆ, ಕೊಡುವ ಅಂತ ಹೇಳಿದ. ಮೈಮೂನಮ್ಮನೂ ಅದನ್ನೇ ಹೇಳಿದರು. ಹನೀಫಾ, ಆಳಿನ ಬಗ್ಗೆ ಬರೆದದ್ದು ಸರಿಯೇ ಉಂಟಲ್ಲ, ತಾನೂ ಮುಂಚೆ ಆಳಾಗಿ ಇದ್ದವನು ಅಂದ. ಆದರೂ ಅವನು ಕೊನೆಗೆ ಸಡಿಲಾದ. ಎಲ್ಲರೂ ಒಪ್ಪಿದರೆ ತಾನು ಅಡ್ಡ ಬರುವುದಿಲ್ಲ ಅಂದ.

ಆಗ ಗಾಯಗೊಂಡವರೇ ಬೇಡ ಅಂದರು. ಕೇಳಿದ ಮೇಲೆ ಉತ್ತರವನ್ನು ಒಪ್ಪಬೇಕು, ಇಲ್ಲದಿದ್ದರೆ ಕೇಳಬಾರದಿತ್ತು ಅಂದರು. ಗೋಡೆಯ ಹೆಸರನ್ನು ಅವರೇ ಒರೆಸಿದರು.

ಆದ್ದರಿಂದ ನಿನ್ನ ಮಾತೇ ನಡೆಯಿತು. ನಿನಗೆ ತಿಳಿಯಲಿ ಅಂತ ಬರೆದೆ. ಇದೂ ಕಾಂತಿಯ ಅಕ್ಷರ.

ಲೋಕನಾಥ


ಜುಬೈಲ್
3 ಜನವರಿ 2025, ಶುಕ್ರವಾರ

ಲೋಕನಾಥ,

ರಜೆಯಲ್ಲಿ ಹೋಗಿದ್ದ ನೌಫಲ್ ಮೊನ್ನೆ ವಾಪಸು ಬಂದ. ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಮಾತಾಡಿಸಿದೆ ಅಂದ. ಕೈ ಕೊಡಲು ಹೋದಾಗ ನೀನು ಎಡಗೈ ಮುಂದೆ ಮಾಡಿದೆಯಂತೆ. ಯಾಕೆ ಅಂತ ನೋಡಿದೆ ಅಂದ. ನಿನ್ನ ನವೆಂಬರಿನ ಪತ್ರ ಓದಿದಾಗಲೇ ಸಂಶಯ ಬಂದಿತ್ತು, ನಂಬಲು ಮನಸ್ಸಾಗಿರಲಿಲ್ಲ.

ಕಣ್ಣು ಸೋತಿದೆ ಅಂತ ಬರೆಸಿದೆಯಲ್ಲ. ನಾನು ಕನ್ನಡಕ ಮಾಡಿಸು ಅಂತ ಬರೆದೆನಲ್ಲ.

ಯಾಕೆ ಹೀಗೆ ಮಾಡಿದೆ? ನಾನು ರುಕ್ಮಯ್ಯ ಅಂತ ತಿಳಿದು ಬರೆದೆ. ಅದು ತಪ್ಪು, ಅವನಿಗೆ ಬೇರೆ ಪತ್ರ ಬರೆಯುತ್ತೇನೆ. ನೀನು ಅಂತ ಗೊತ್ತಿದ್ದರೆ ನಾನು ಹಾಗೆ ಬರೆಯುತ್ತಿದ್ದೆನಾ? ನಿಯಮ ನಮಗಾಗಿ ಮಾಡಿದ್ದು, ನಮ್ಮನ್ನು ತಿನ್ನಲಿಕ್ಕೆ ಅಲ್ಲ. ಬೆರಳು ಹೋದದ್ದು ಅದೇ ರೋಲರಿನಲ್ಲಿ. ಯಾರ ಬೆರಳು ಅದರೊಳಗೆ ಹೋಯಿತೋ ಅವರಿಗಿಂತ ದೊಡ್ಡ ಹಕ್ಕುದಾರ ಯಾರು? ಇದು ಆಗ ನನಗೆ ಹೊಳೆಯಲಿಲ್ಲ, ಈಗ ಹೊಳೆಯುತ್ತದೆ.

ನನ್ನ ಹಿಂದಿನ ಪತ್ರವನ್ನು ಹಿಂದೆ ತೆಗೆದುಕೊಂಡಿದ್ದೇನೆ. ಈ ಪತ್ರವನ್ನು ಭಾನುವಾರ ಎಲ್ಲರೆದುರು ಓದು. ನಿನ್ನ ಹೆಸರನ್ನು ಮತ್ತೆ ಗೋಡೆಯಲ್ಲಿ ಬರೆಯಿರಿ. ಏಪ್ರಿಲಿನಲ್ಲಿ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ, ನವೀಕರಿಸುವುದಿಲ್ಲ, ಊರಿಗೆ ಬರುತ್ತೇನೆ. ನೀನು ಆಳು ಇಡುವುದು ಬೇಡ. ನಿನ್ನ ಮರಕ್ಕೆ ನಾನು ಚೂರಿ ಹಾಕುತ್ತೇನೆ, ನಿನ್ನ ಸರದಿಯಲ್ಲಿ ನಾನು ಒತ್ತುತ್ತೇನೆ. ಹಕ್ಕು ನಿನ್ನ ಹೆಸರಲ್ಲೇ ಇರಲಿ. ನನಗೆ ಏನೂ ಬೇಡ.

ಉತ್ತರ ಬರೆ. ಫೋನ್ ಮಾಡಿದರೆ ಕಾಂತಿ ಎತ್ತುತ್ತಾಳೆ, ನನ್ನ ದನಿ ಕೇಳಿ ಇಡುತ್ತಾಳೆ.

ನಿಝಾಮುದ್ದೀನ್


ಕೊಕ್ಕಡ
9 ಫೆಬ್ರವರಿ 2025, ಭಾನುವಾರ

ಪ್ರಿಯ ನಿಝಾಮ್,

ಇದು ನನ್ನ ಅಕ್ಷರ. ಎಡಗೈ. ನಿಧಾನ ಆಗುತ್ತದೆ, ನಾಲ್ಕು ದಿನದಿಂದ ಸ್ವಲ್ಪ ಸ್ವಲ್ಪ ಬರೆದದ್ದು. ಕಾಂತಿ ಬರೆಯಲು ಒಪ್ಪಲಿಲ್ಲ. ಅಕ್ಟೋಬರಿನ ನಿನ್ನ ಪತ್ರವನ್ನು ನನಗಿಂತ ಮುಂಚೆ ಅವಳು ಓದಿದ್ದು. ಶೆಡ್ಡಿಗೆ ಕೊಂಡುಹೋಗಬೇಡಿ, ಅವನಿಗೆ ಫೋನ್ ಮಾಡಿ ಹೇಳಿ ಅಂತ ಬಾಗಿಲಿಗೆ ಅಡ್ಡ ನಿಂತಿದ್ದಳು. ನಾನು ಕೇಳಲಿಲ್ಲ. ಆದ್ದರಿಂದ ಅವಳಿಗೆ ನಿನ್ನ ಮೇಲೆ ಇರುವ ಸಿಟ್ಟಿನಲ್ಲಿ ಅರ್ಧ ನನ್ನದು.

ನಿನ್ನ ಜನವರಿಯ ಪತ್ರವನ್ನು ಶೆಡ್ಡಿನಲ್ಲಿ ಓದಲಿಲ್ಲ. ಓದುವುದಿಲ್ಲ. ಅಕ್ಟೋಬರಿನಲ್ಲಿ ನೀನು ಕೊಟ್ಟ ಕಾರಣಗಳಿಗೆ ಜನವರಿಯಲ್ಲಿ ಉತ್ತರ ಕೊಡಲಿಲ್ಲ. ಆ ಆಳಿನ ಬೆರಳಿನ ಪ್ರಶ್ನೆ ಹಾಗೆಯೇ ಉಂಟು. ಬದಲಾದದ್ದು ಹೆಸರು ಮಾತ್ರ. ಅದನ್ನು ರುಕ್ಮಯ್ಯನ ಎದುರು ನಾನು ಹೇಗೆ ಓದಲಿ? ಅವನ ಕೈಯಾದರೆ ನೆಪ, ನನ್ನ ಕೈಯಾದರೆ ಹಕ್ಕು ಅಂತ ಓದಬೇಕಾ? ಆಸ್ಪತ್ರೆಯಲ್ಲಿ ನನ್ನ ಜೊತೆ ಮಲಗಿದ್ದವನು ಅವನು. ಎರಡು ವಾರ ತನ್ನ ಮರಗಳನ್ನು ಬಿಟ್ಟು.

ನೀನು ಅಕ್ಟೋಬರಿನಲ್ಲಿ ಬರೆದದ್ದು ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಅಜ್ಜಿಯ ವಿಷಯವೂ ಸರಿ. ಆದರೆ ಅದನ್ನು ಓದಿದ ಮೇಲೆ ನನಗೆ ಒಂದು ಗೊತ್ತಾಯಿತು. ಅಜ್ಜಿ ಅತ್ತದ್ದು ಗದ್ದೆಗೆ ಅಲ್ಲ. ಗೇಣಿಯವರು ಒಳ್ಳೆಯ ಜನ, ಡಿಕ್ಲರೇಶನ್ ಆದ ಮೇಲೂ ಪ್ರತಿ ಕೊಯ್ಲಿಗೆ ಒಂದು ಮುಡಿ ಅಕ್ಕಿ ಅಂಗಳದಲ್ಲಿ ಇಟ್ಟು ಹೋಗುತ್ತಿದ್ದರು. ಅದು ಬಂದ ದಿನ ಅಜ್ಜಿ ಒಳಗಿನಿಂದ ಹೊರಗೆ ಬರುತ್ತಿರಲಿಲ್ಲ.

ಈಗ ನಮ್ಮಲ್ಲಿಗೂ ಶೀಟು ಬರುತ್ತದೆ, ನೀನು ಬರೆದ ಹಾಗೆಯೇ. ಭಾನುವಾರ ಮೈಮೂನಮ್ಮ ತರುತ್ತಾರೆ, ರುಕ್ಮಯ್ಯ ತರುತ್ತಾನೆ, ಹನೀಫಾ ಜಗಲಿಯಲ್ಲಿ ಇಟ್ಟು ಕರೆಯದೆ ಹೋಗುತ್ತಾನೆ. ಒಳ್ಳೆಯ ಶೀಟು, ಸರಿಯಾಗಿ ಹೊಗೆ ಹಾಕಿದ್ದು. ಯಾರೂ ತಪ್ಪಿಸಿಲ್ಲ. ಮೊದಲು ಅವರ ಜೊತೆ ನಾನು ಜಗಳ ಮಾಡುತ್ತಿದ್ದೆ, ಆಸಿಡ್ ಹೆಚ್ಚಾಯಿತು, ತೊಟ್ಟಿ ತೊಳೆಯಲಿಲ್ಲ ಅಂತ. ಈಗ ಮಾಡಲಾಗುವುದಿಲ್ಲ. ಕಳೆದ ವಾರ ರುಕ್ಮಯ್ಯ ಏನೋ ತಮಾಷೆ ಮಾಡಿದ, ನಾನು ಬೇಕಾದದ್ದಕ್ಕಿಂತ ಹೆಚ್ಚು ನಗಾಡಿದೆ. ಅವನಿಗೂ ಗೊತ್ತಾಯಿತು. ಬೇಗ ಎದ್ದು ಹೋದ.

ಮರಗಳನ್ನು ತೋಟದವರು ಡಿಸೆಂಬರಿನಲ್ಲೇ ವಾಪಸು ತೆಗೆದುಕೊಂಡರು. ಕಾಂತಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ, ವ್ಯಾನು ಬರುತ್ತದೆ. ಅಲ್ಲಿಯ ಮೆಷಿನ್ ಯಾರದ್ದು ಅಂತ ಯಾರೂ ಕೇಳುವುದಿಲ್ಲ.

ಯಾಕೆ ಹೀಗೆ ಮಾಡಿದೆ ಅಂತ ಕೇಳಿದ್ದಿ. ನ್ಯಾಯಕ್ಕಾಗಿ ಹೆಸರು ಮುಚ್ಚಿಟ್ಟೆ ಅಂತ ಎಲ್ಲರಿಗೂ ಹೇಳಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ, ಅದಲ್ಲ. ಹೆಸರು ಇಲ್ಲದಿದ್ದರೂ ನೀನು ಕೊಡು ಅಂತಲೇ ಬರೆಯುತ್ತಿ ಅಂತ ನಾನು ನಂಬಿದ್ದೆ. ಯಾರೇ ಆಗಲಿ ಕೊಡಿ ಅಂತ. ಹಾಗೆ ಬಂದರೆ ಅದು ಸ್ನೇಹದಿಂದ ಸಿಕ್ಕಿದ್ದಲ್ಲ, ನನ್ನದೇ ಅಂತ ತಲೆ ಎತ್ತಿ ಇರಬಹುದಿತ್ತು. ಪತ್ರ ಬರುವವರೆಗೆ ಒಬ್ಬ ಆಳನ್ನೂ ನೋಡಿ ಇಟ್ಟಿದ್ದೆ.

ನೌಫಲ್ ನನಗೂ ಒಂದು ಸುದ್ದಿ ಹೇಳಿದ. ಟೂಲ್ ರೂಮಿನ ಬೀಗದ ಕೈ ಈಗ ನಿನ್ನ ಹತ್ತಿರ ಉಂಟಂತೆ, ಹೋದ ವರ್ಷದಿಂದ. ಕಿಸೆ ತಡವುವುದೂ ನೀನೇ ಅಂತೆ. ನೀನು ಬರೆಯಲಿಲ್ಲ. ಇರಲಿ, ನಾನೂ ಬರೆಯಲಿಲ್ಲ.

ಏಪ್ರಿಲಿನಲ್ಲಿ ಬರುವುದಾದರೆ ಬಾ. ನನ್ನ ಹೆಸರಲ್ಲಿ ಒತ್ತುವುದು ಬೇಡ. ಕೂಲಿ ತೆಗೆದುಕೊಳ್ಳದೆ ಒತ್ತಿದರೂ ಅದು ಇನ್ನೊಬ್ಬರ ಕೈಯೇ, ನೀನು ಬರೆದ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ನಿನ್ನ ಹೆಸರಿನಲ್ಲೇ ಒತ್ತು. ಹನೀಫಾನ ಸರದಿ ಕೇಳಬೇಡ, ಅವನಿಗೆ ಅದು ಬೇಕು. ಶೆಡ್ಡಿನಲ್ಲಿ ವಿಚಾರಿಸಿದ್ದೇನೆ, ಯಾರದ್ದೂ ಅಡ್ಡಿ ಇಲ್ಲ.

ಮಂಗಳವಾರ ಮತ್ತು ಶುಕ್ರವಾರ ಖಾಲಿ ಉಂಟು.

ಲೋಕನಾಥ